ಮೂರನೆಯ ಗುಟುರು

ಮೇ ಹನ್ನೊಂದರ ಬೆಳಿಗ್ಗೆ ಐದು ಗಂಟೆಗೆ ಸಿವಾ ಬಾರಾ ಜೌಗಿನ ಗೇಟಿನ ಮುಂದೆ ಲ್ಯೂಬೆನ್ ಚಿಚೊ ಕಾರು ನಿಲ್ಲಿಸುವಷ್ಟರಲ್ಲಿ ನಾನು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಾಗಿತ್ತು. ಅಷ್ಟು ಅವಸರ ನನಗೆ. ಅವತ್ತು ಎಣಿಕೆಯ ಮೂರನೆಯ ದಿನ, ಕೊನೆಯ ದಿನ. ನೀರುಗೂಳಿ ಕೂಗಿದರೆ ಉತ್ತರದ ಜೊಂಡು ಉಳಿಯುತ್ತದೆ. ಕೂಗದಿದ್ದರೆ ಡಿಸೆಂಬರಿನಲ್ಲಿ ಕೊಯ್ಯುವ ಯಂತ್ರ ಇಳಿಯುತ್ತದೆ.

ನೀರುಗೂಳಿ ಅಂದರೆ ಗೂಳಿಯಲ್ಲ, ಹಕ್ಕಿ. ಕೊಕ್ಕರೆಯ ಕುಲ, ಒಣಜೊಂಡಿನದೇ ಬಣ್ಣ, ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಆದರೆ ಗಂಡು ಕತ್ತು ಉಬ್ಬಿಸಿ ಗುಟುರು ಹಾಕಿತೆಂದರೆ ಬಾವಿಯೊಳಗೆ ಬಿದ್ದ ಎತ್ತು ಕೂಗಿದ ಹಾಗೆ ಎರಡು ಮೂರು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಹಾಗಾಗಿ ಇದನ್ನು ನಾವು ನೋಡಿ ಎಣಿಸುವುದಿಲ್ಲ, ಕೇಳಿ ಎಣಿಸುತ್ತೇವೆ. ಒಬ್ಬರು ಈ ದಂಡೆಯಲ್ಲಿ, ಇನ್ನೊಬ್ಬರು ಆ ದಂಡೆಯಲ್ಲಿ ಕೂರಬೇಕು. ಕೂಗು ಬಂದ ದಿಕ್ಕನ್ನು ದಿಕ್ಸೂಚಿ ಹಿಡಿದು ಬರೆದುಕೊಳ್ಳಬೇಕು. ಆಮೇಲೆ ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಅವು ಸೇರುವಲ್ಲಿ ಹಕ್ಕಿ. ಮೂರು ದಿನಗಳಲ್ಲಿ ಎರಡು ದಿನವಾದರೂ ಇಬ್ಬರಿಗೂ ಕೇಳಿರಬೇಕು. ಆಗ ಆರು ವರ್ಷ ಆ ಜೊಂಡಿಗೆ ಯಾರೂ ಕತ್ತಿ ಹಾಕುವಂತಿಲ್ಲ. ಮೊದಲನೆಯ ದಿನ ಕಪ್ಪೆಗಳ ಗದ್ದಲದ ನಡುವೆಯೂ ಕೂಗು ಕೇಳಿತ್ತು. ಎರಡನೆಯ ದಿನ ಮಳೆ ಹೊಡೆದು ಏನೂ ಕೇಳಿರಲಿಲ್ಲ. ಉಳಿದದ್ದು ಇವತ್ತು.

"ಬಂದ್ವಾ ಕಿವಿಗಳು?" ಅಂತ ಗೇಟು ತೆಗೆದಳು ಲೆಲ್ಯಾ ಗಿನಾ. ಗೇಟು, ಟಿಕೆಟ್ಟು, ಎರಡು ಆಡು, ಇಷ್ಟು ಅವಳ ರಾಜ್ಯ. ನಮಗಿಬ್ಬರಿಗೂ ಅವಳಿಟ್ಟ ಹೆಸರು ಕಿವಿಗಳು.

"ಕೂಗ್ತಾ ಇದ್ಯಾ ಲೆಲ್ಯಾ?"

"ಕೂಗದೆ ಏನು? ಮೂರು ವಾರದಿಂದ ದಿನಾ ಬೆಳಿಗ್ಗೆ. ನಾನು ಆಡಿನ ಹಾಲು ಕರೆಯೋ ಹೊತ್ತಿಗೆ ಸರಿಯಾಗಿ ಶುರು ಹಚ್ಕೊಳುತ್ತೆ. ಆ ಶಬ್ದಕ್ಕೆ ನಮ್ಮ ಕರಿಯಾಡು ಒಂದು ಗುಟುಕು ಜಾಸ್ತಿ ಕೊಡುತ್ತೆ ಕಣೇ, ಬೇಕಾದ್ರೆ ಬರ್ಕೊ!" ಆಮೇಲೆ ಚಿಚೊ ಕಡೆ ತಿರುಗಿದಳು. "ಏನಪ್ಪಾ ಮೇಷ್ಟ್ರೇ, ಓದುಮನೆಯ ಸಭಾಂಗಣದ ಸ್ಪೀಕರ್ ರಿಪೇರಿಗೆ ಒಯ್ದೋನು ಅಲ್ಲೇ ಬಿಟ್ಯಾ? ಕುಣಿತದ ಅಭ್ಯಾಸ ನಿಂತೋಗಿ ತಿಂಗಳಾಯ್ತು. ಹೆಂಗಸರು ನನ್ನ ಪ್ರಾಣ ತಿಂತಾರೆ."

"ಬರುತ್ತೆ ಬರುತ್ತೆ. ಬಿಡಿಭಾಗ ಸಿಕ್ಕಿಲ್ವಂತೆ."

"ಬಾಯಲ್ಲೇ ಹಾಡಿಕೊಂಡು ಕುಣೀತೀವಿ ಬಿಡು. ಹನ್ನೊಂದೂವರೆಗೆ ಬನ್ನಿ, ಚೀಸಿನ ಬಾನಿತ್ಸಾ ಬೇಯಿಸಿರ್ತೀನಿ. ಹಕ್ಕಿ ಕೂಗಿದ್ರೆ ಮಾತ್ರ! ಇಲ್ಲಾಂದ್ರೆ ಒಣ ಬ್ರೆಡ್ಡು."

ಲೆಲ್ಯಾ ಅಂದರೆ ಚಿಕ್ಕಮ್ಮ, ಚಿಚೊ ಅಂದರೆ ಚಿಕ್ಕಪ್ಪ, ಆದರೂ ಲ್ಯೂಬೆನ್ ಚಿಚೊ ನನಗೆ ರಕ್ತಸಂಬಂಧಿಯೇನಲ್ಲ. ನಮ್ಮೂರಲ್ಲಿ ಭೂಗೋಳದ ಮೇಷ್ಟರಾಗಿದ್ದವರು, ಈಗ ಅರವತ್ತೆರಡು. ಇಪ್ಪತ್ತೇಳು ವರ್ಷದಿಂದ ಸಿವಾ ಬಾರಾದ ಕೇಳುಗರು. ನನಗೆ ಹದಿನಾಲ್ಕು ವರ್ಷವಿದ್ದಾಗ ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಿದ್ದೆ ಅಂತ ಬೈಯುವ ಬದಲು "ಏನು ಕೇಳಿಸ್ತು?" ಅಂತ ಕೇಳಿದ ಒಬ್ಬರೇ ಮೇಷ್ಟರು. ಆಮೇಲಿನ ಏಳು ವರ್ಷ, ಶನಿವಾರ ಭಾನುವಾರಗಳಲ್ಲಿ ನಾನು ಕಂಡದ್ದೆಲ್ಲ ಅವರ ಕಾರಿನ ಗಾಜಿನಿಂದಲೇ.

ಇಬ್ಬರ ನಡುವೆ ಒಂದು ಗುಟ್ಟಿತ್ತು. ವಯಸ್ಸಾದಂತೆ ಕಿವಿ ಎತ್ತರದ ಸ್ವರಗಳನ್ನು ಮೊದಲು ಬಿಟ್ಟುಕೊಡುತ್ತದೆ. ನಾಲ್ಕು ವರ್ಷದಿಂದ ಚಿಚೊಗೆ ದಾರದೆಳೆಯಂಥ ಸಣ್ಣ ಕೂಗುಗಳು ಒಂದೂ ಕೇಳುತ್ತಿರಲಿಲ್ಲ. ಹಕ್ಕಿ ನೋಡುವವರ ಬಳಗದಲ್ಲಿ ಇದು ನನ್ನೊಬ್ಬಳಿಗೇ ಗೊತ್ತು. ಪಕ್ಕದಲ್ಲಿ ನಡೆಯುವಾಗ ನಾನು ಅವರ ತೋಳು ಮುಟ್ಟಿ ಕಣ್ಣಲ್ಲೇ ಮರ ತೋರಿಸುತ್ತಿದ್ದೆ. ಅವರು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ತೋಳು ಮುಟ್ಟುವ ಕೆಲಸ ನನ್ನದು ಅನ್ನುವುದೇ ನನಗೆ ದೊಡ್ಡ ಹೆಮ್ಮೆ.

ಅವರು ಪಶ್ಚಿಮದ ದಂಡೆಗೆ ಹೋದರು. ನಾನು ಪೂರ್ವದ ಮರದ ಅಟ್ಟಣಿಗೆ ಹತ್ತಿದೆ. ಗಾಳಿ ಒಂದಿಷ್ಟೂ ಇರಲಿಲ್ಲ. ನೀರಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ಒಂದು ಬಾತು ಎಂಟು ಮರಿಗಳನ್ನು ಎಳೆದುಕೊಂಡು ಹೊರಟಿತು. ಏಳು ಅಂತ ಬರೆದೆ. ಎಂಟನೆಯದು ಹಿಂದಿನಿಂದ ಕೂಗುತ್ತ ಓಡಿ ಬಂತು, ತಿದ್ದಿದೆ. ಧ್ವನಿಗ್ರಾಹಕದ ಗುಂಡಿ ಒತ್ತಿ ಬೆಂಚಿನ ಮೇಲಿಟ್ಟು ಕೂತೆ. ಈ ಸುಖ ಹೇಗೆ ಹೇಳಲಿ? ಸುಮ್ಮನೆ ಕೂತಿರುವುದೇ ಕೆಲಸ!

ಆರು ಹತ್ತಕ್ಕೆ ಕೂಗಿತು.

ಒಂದು. ಎರಡು. ಮೂರು. ಆಮೇಲೆ ಎಲ್ಲೋ ತೆಳ್ಳಗೆ, ಸೂಜಿಯಂತೆ "ತ್ಸೀ...". ನಾಲ್ಕು. ನಿಂತಿತು.

ನನ್ನ ಮೈಯೆಲ್ಲ ಜುಮ್ಮೆಂದಿತು. ದಿಕ್ಕು ನೋಡಿದೆ, ಮುನ್ನೂರ ಹನ್ನೆರಡು ಡಿಗ್ರಿ. ಆ ಸೂಜಿದನಿ ಚೀಲಗೂಡಿನ ಹಕ್ಕಿಯದು. ಕೊಂಬೆಯ ತುದಿಗೆ ಉಣ್ಣೆಯ ಚೀಲದಂಥ ಗೂಡು ನೇಯುವ ಪುಟ್ಟ ಹಕ್ಕಿ ಅದು. ಅದನ್ನೂ ಬರೆದುಕೊಂಡೆ. ಫೋನು ಬಂತು.

"ಕೇಳ್ತಾ?" ಚಿಚೊ ಪಿಸುಗುಟ್ಟಿದರು.

"ಕೇಳ್ತು! ನಾಲ್ಕು ಸಲ! ಚಿಚೊ, ಕೇಳ್ತು!"

"ಕಿರುಚಬೇಡ್ವೇ ಮಾರಾಯ್ತಿ, ಹೆದರಿ ಓಡೋಗುತ್ತೆ. ದಿಕ್ಕು ಬರ್ಕೊ."

ಆರು ನಲವತ್ತಕ್ಕೆ ಮತ್ತೆ. ಒಂದು, ಎರಡು, ಮೂರು, ತ್ಸೀ, ನಾಲ್ಕು. ಮುನ್ನೂರ ಹನ್ನೆರಡು. ನಗು ಬಂತು. ಗೂಳಿಗೂ ಗುಬ್ಬಚ್ಚಿಯಂಥದ್ದಕ್ಕೂ ಒಳ್ಳೆ ಜುಗಲ್‌ಬಂದಿ, ಚಿಚೊಗೆ ಹೇಳಬೇಕು ಅಂದುಕೊಂಡೆ.

ಏಳು ಹತ್ತಕ್ಕೆ ಮತ್ತೆ. ಒಂದು, ಎರಡು, ಮೂರು, ತ್ಸೀ, ನಾಲ್ಕು.

ಈ ಸಲ ನಗು ಬರಲಿಲ್ಲ. ಹಕ್ಕಿಗಳು ಗಡಿಯಾರ ಕಟ್ಟಿಕೊಂಡಿರುವುದಿಲ್ಲ. ಒಂದು ಸಲ ಮೂರು ಗುಟುರು, ಒಂದು ಸಲ ಐದು, ಒಂದು ಸಲ ಮನಸ್ಸಿಲ್ಲದೆ ಅರ್ಧಕ್ಕೇ ನಿಲ್ಲಿಸುತ್ತವೆ. ಅರ್ಧ ಗಂಟೆಗೊಂದು ಸಲ, ನಾಲ್ಕೇ ಸಲ, ಮೂರರ ಬೆನ್ನಿಗೇ ಆ ಸೂಜಿದನಿ. ನಾನು ಏಳು ನಲವತ್ತಕ್ಕೆ ಕಾದೆ. ಅಷ್ಟು ಹೊತ್ತು ಒಂದು ಹಕ್ಕಿಯನ್ನೂ ನೋಡಲಿಲ್ಲ. ಹಿಂದಿನಿಂದ ಒಂದು ಕೆನ್ನೀಲಿ ಕೊಕ್ಕರೆ ತಲೆಯ ಮೇಲೇ ಹಾದುಹೋದದ್ದು ನೆರಳಿನಿಂದ ಗೊತ್ತಾಯಿತು, ಅಷ್ಟೆ. ಮೂರನೆಯ ಗುಟುರು ಆಗುತ್ತಿದ್ದಂತೆ ಉಸಿರು ಬಿಗಿಹಿಡಿದು "ಬರಬೇಡ, ಬರಬೇಡ" ಅಂದುಕೊಂಡೆ. ಚೀಲಗೂಡಿನ ಹಕ್ಕಿಗೆ ಬರಬೇಡ ಅಂತ ನಾನು ಜೀವನದಲ್ಲಿ ಅಂದುಕೊಂಡದ್ದು ಅದೇ ಮೊದಲು.

ತ್ಸೀ.

ಫೋನಿನಲ್ಲಿ ದನಿಯ ಚಿತ್ರ ತೋರಿಸುವ ಆ್ಯಪ್ ಇದೆ. ನಾಲ್ಕು ಕೂಗನ್ನೂ ಒಂದರ ಕೆಳಗೊಂದು ಇಟ್ಟೆ. ಒಂದೇ ಅಚ್ಚು. ಹಳೆಯ ಕಡತಗಳನ್ನು ತೆರೆದೆ. ಎಲ್ಲಿ ಹುಡುಕಬೇಕು ಅಂತ ಯಾಕೋ ಗೊತ್ತಿತ್ತು. "ಮಿಲ್ಕಿನೊ ಕೆರೆ, ಏಪ್ರಿಲ್ ಹದಿನಾಲ್ಕು." ಏಳು ವರ್ಷದ ಹಿಂದಿನದು, ನನ್ನ ಮೊಟ್ಟಮೊದಲ ಧ್ವನಿಮುದ್ರಣ. ಮೈಕು ಹಿಡಿದವಳು ನಾನು, ನನ್ನ ಮೊಣಕೈ ಅಲುಗದಂತೆ ಹಿಡಿದವರು ಚಿಚೊ. ಅದನ್ನು ಐದನೆಯ ಸಾಲಿಗಿಟ್ಟೆ. ಮೂರನೆಯ ಗುಟುರಿನ ಬೆನ್ನಿಗೆ, ಮೇಲೆ, ಒಂದು ಸಣ್ಣ ಬಿಳಿ ಗೀಟು. ಐದೂ ಕಡೆ ಅದೇ ಜಾಗದಲ್ಲಿ.

ಆ ಮಿಲ್ಕಿನೊ ಕೆರೆ ಈಗಿಲ್ಲ. ಅಲ್ಲಿ ಜೋಳ ಬೆಳೆಯುತ್ತಾರೆ. ಆ ಹಕ್ಕಿಯೂ ಇಲ್ಲ.

ಹತ್ತು ಗಂಟೆಗೆ ಚಿಚೊ ಅಟ್ಟಣಿಗೆ ಹತ್ತಿ ಬಂದರು. ಚೀಲದಿಂದ ಮೊಟ್ಟೆ, ಹಸಿ ಈರುಳ್ಳಿ, ಬಿಳಿ ಚೀಸು, ಫ್ಲಾಸ್ಕು ಒಂದೊಂದಾಗಿ ತೆಗೆದು ಬೆಂಚಿನ ಮೇಲೆ ಹರಡಿದರು. ಮುಖ ಹೊಳೆಯುತ್ತಿತ್ತು.

"ನಾನು ಎಂಟಕ್ಕೇ ಎಣಿಕೆ ಹಾಳೆ ಕಳಿಸಿಬಿಟ್ಟೆ. ನೀನು?"

"ಇನ್ನೂ ಇಲ್ಲ."

"ಯಾಕೆ ಸೋಮಾರಿ? ಹನ್ನೆರಡರ ತನಕ ಮಾತ್ರ ಸಮಯ. ಮೊಟ್ಟೆ ತಗೊ."

"ಚಿಚೊ, ಇದನ್ನ ಸ್ವಲ್ಪ ಕೇಳಿ." ಹೆಡ್‌ಫೋನು ಕೊಟ್ಟೆ.

ಅವರು ಹಾಕಿಕೊಂಡು ಕಣ್ಣು ಮುಚ್ಚಿದರು. ಗಡ್ಡದೊಳಗೆ ನಗು ಹರಡಿತು. "ಎಂಥಾ ಗಂಟಲು ನೋಡು ಬಡ್ಡಿಮಗಂದು! ಸ್ಪಷ್ಟವಾಗಿ ಬಂದಿದೆ. ಹಿಂದುಗಡೆ ಒಂದು ಕಪ್ಪೆ ಸಹ ಇಲ್ಲ."

"ಮೂರನೇದಾದ್ಮೇಲೆ ಏನು ಕೇಳ್ಸುತ್ತೆ?"

"ನಾಲ್ಕನೇದು."

"ಮಧ್ಯದಲ್ಲಿ?"

"ಮಧ್ಯ ಏನಿರುತ್ತೆ? ಸುಮ್ನಿರುತ್ತೆ."

"ಮಧ್ಯ ಚೀಲಗೂಡಿನ ಹಕ್ಕಿ ಇದೆ ಚಿಚೊ. ನಾಲ್ಕು ಸಲವೂ ಇದೆ. ಮಿಲ್ಕಿನೊದಲ್ಲೂ ಇದೆ."

ಅವರು ಕಣ್ಣು ತೆರೆಯಲಿಲ್ಲ. ಹೆಡ್‌ಫೋನನ್ನೂ ತೆಗೆಯಲಿಲ್ಲ. ಆ ಹಳೆಯ ಕೂಗು ಅವರ ಕಿವಿಯಲ್ಲಿ ಇನ್ನೂ ಓಡುತ್ತಿತ್ತು. ಮುಗಿಯುವವರೆಗೂ ಕೇಳಿ, ಆಮೇಲೆ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನಗೆ ಕೇಳಿಸಲಿಲ್ಲ," ಅಂದರು. "ಇದರಲ್ಲಿ ಬೇರೆ ಯಾವ ದನಿಯೂ ಇಲ್ಲ ಅಂತಾನೇ ಇದನ್ನ ಆರಿಸ್ಕೊಂಡಿದ್ದು."

ನಾನು ಇನ್ನೂ ಎಲ್ಲೋ ಒಂದು ಕಡೆ, ಬೇರೆ ಯಾರೋ ಮಾಡಿದ್ದಾರೆ, ಚಿಚೊಗೂ ಮೋಸವಾಗಿದೆ, ಇಬ್ಬರೂ ಸೇರಿ ಅವನನ್ನು ಹಿಡಿಯುತ್ತೇವೆ ಅಂತ ಕಾಯುತ್ತಿದ್ದೆ. ಆ ಒಂದು ಮಾತಿಗೆ ಅದೂ ಮುಗಿಯಿತು.

"ಎಲ್ಲಿದೆ?" ಅಂದೆ.

"ಜೊಂಡಿನ ನಡುವೆ. ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಹಲಗೆ ಕಟ್ಟಿ ಇಟ್ಟಿದ್ದೀನಿ. ಕಾರಿನ ಬ್ಯಾಟರಿ ಇದೆ, ಟೈಮರ್ ಇದೆ. ಸಣ್ಣ ಸ್ಪೀಕರಿಗೆ ಆ ದನಿ ಬರಲ್ಲ, ಅದಕ್ಕೇ ಓದುಮನೆಯದ್ದು..." ಅಂದರು. ಪಾಠ ಹೇಳುವ ಮೇಷ್ಟರ ದನಿಯೇ. "ಮಳೆ ಬಂದ ದಿನ ನೀರು ಹೋಗಿ ನಿಂತುಬಿಟ್ಟಿತ್ತು."

"ಮೊದಲನೇ ದಿನ?"

ಅವರು ಹೆಡ್‌ಫೋನಿನ ತಂತಿ ಸುತ್ತತೊಡಗಿದರು.

ಮೊದಲನೆಯ ದಿನ ಕಾರಿನಲ್ಲಿ ವಾಪಸ್ ಬರುವಾಗ ನಾನು ಅತ್ತಿದ್ದೆ. ಹನ್ನೊಂದು ವರ್ಷದ ಮೇಲೆ ಸಿವಾ ಬಾರಾಕ್ಕೆ ನೀರುಗೂಳಿ ಬಂತು ಅಂತ ಖುಷಿಗೆ ಅತ್ತಿದ್ದೆ. ಚಿಚೊ ಕಾರು ಪಕ್ಕಕ್ಕೆ ಹಾಕಿ, ಕರವಸ್ತ್ರ ಕೊಟ್ಟು, "ಅಳು ಅಳು, ಇಂಥದಕ್ಕೇ ಅಳಬೇಕು" ಅಂದಿದ್ದರು.

"ನೀವು ನನಗೆ ಕರ್ಚೀಫು ಕೊಟ್ರಿ," ಅಂದೆ. ಬಾಯಿಗೆ ಬಂದದ್ದು ಅಷ್ಟೇ.

"ಇಸ್ಕ್ರಾ, ಕೇಳು. ಮಿಲ್ಕಿನೊದಲ್ಲಿ ಹಕ್ಕಿ ಇತ್ತು. ನೀನೂ ಕೇಳಿದ್ದೆ. ಎಣಿಕೆಯ ದಿನಗಳಲ್ಲಿ ಗಾಳಿ ಇತ್ತು, ಕೂಗಲಿಲ್ಲ. ನಾನು ಪ್ರಾಮಾಣಿಕವಾಗಿ ಸೊನ್ನೆ ಬರೆದೆ. ಆ ಸೊನ್ನೆ ಇಟ್ಕೊಂಡು ಕೆರೆ ಒಣಗಿಸಿದ್ರು. ಈ ಜೊಂಡಲ್ಲಿ ಕೆನ್ನೀಲಿ ಕೊಕ್ಕರೆ ಹದಿನಾರು ಗೂಡು ಕಟ್ಟಿವೆ. ಅವು ಲೆಕ್ಕಕ್ಕಿಲ್ವಂತೆ, ನೀರುಗೂಳಿ ಬೇಕಂತೆ. ಸರಿ, ತಗೊಳ್ಳಿ ನೀರುಗೂಳಿ!"

"ಹಾಗಾದ್ರೆ ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಬರೀತಿರಲಿಲ್ಲ."

"ಬರೀತಿರಲಿಲ್ಲ."

"ಅದಕ್ಕೇ. ನನ್ನ ಕಿವಿ ಮೇಲೆ ಒಂದಿಬ್ಬರಿಗೆ ಈಗಾಗ್ಲೇ ಅನುಮಾನ ಇದೆ. ನೀನು ಕೇಳ್ದೆ ಅಂದ್ರೆ ಯಾರೂ ಎರಡನೇ ಪ್ರಶ್ನೆ ಹಾಕಲ್ಲ. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಎಲ್ಲರಿಗೂ ಗೊತ್ತು."

ನನ್ನಲ್ಲಿದ್ದ ಒಳ್ಳೆಯದನ್ನೆಲ್ಲ ಅಳೆದು ನೋಡಿ, ಇದು ಉಪಯೋಗಕ್ಕೆ ಬರುತ್ತದೆ ಅಂತ ಎತ್ತಿಟ್ಟುಕೊಂಡಿದ್ದರು. ಹೊಗಳಿಕೆ ಅಷ್ಟು ಕಹಿಯಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅವರು ನನ್ನ ಕಡೆ ಬಾಗಿದರು. "ನಾಲ್ಕು ವರ್ಷದಿಂದ ನೀನು ನನ್ನ ತೋಳು ಮುಟ್ತೀಯ, ನಾನು ಬರ್ಕೋತೀನಿ. ಒಂದೂ ಕೇಳಿಸದೆ, ನಿನ್ನೊಬ್ಬಳ ಮಾತಿನ ಮೇಲೆ ನಾನು ನೂರಾರು ಹಕ್ಕಿಗೆ ಸಹಿ ಹಾಕಿದ್ದೀನಿ. ಹೌದೋ ಅಲ್ವೋ? ಒಂದು ಸಲ, ಒಂದೇ ಒಂದು ಸಲ ನೀನು ನನ್ನ ಮಾತಿನ ಮೇಲೆ ಹಾಕು."

ಅವರು ಹೇಳಿದ್ದು ನಿಜ.

"ಅವು ಅಲ್ಲಿದ್ವು ಚಿಚೊ," ಅಂದೆ.

ಕೆಳಗೆ ಬಾತಿನ ಸಂಸಾರ ವಾಪಸ್ ಬಂತು. ಹತ್ತು ಹತ್ತಕ್ಕೆ ಮತ್ತೆ ಕೂಗಿತು. ಇಬ್ಬರೂ ತಲೆತಗ್ಗಿಸಿ ಕೂತು ನಾಲ್ಕನ್ನೂ ಕೇಳಿದೆವು. ಮೊಟ್ಟೆ ಸುಲಿದಿಟ್ಟದ್ದು ಸುಲಿದ ಹಾಗೇ ಇತ್ತು.

ಆಮೇಲೆ ನಾನೇ ಹೇಳಿದೆ. "ನಿಮ್ಮ ಹಾಳೆ ನೀವೇ ವಾಪಸ್ ತಗೊಳ್ಳಿ. ಮೊದಲನೇ ದಿನದ್ದೂ. ತಪ್ಪಾಯ್ತು ಅಂತ ಒಂದು ಸಾಲು ಬರೀರಿ ಸಾಕು. ಲೆಲ್ಯಾಗೆ ಗೇಟಲ್ಲಿ ನೀವೇ ಹೇಳ್ಬಿಡಿ, ಪಾಪ ದಿನಾ ಕೇಳಿ ಖುಷಿ ಪಡ್ತಿದಾಳೆ. ಆಮೇಲೆ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಜೊಂಡಿಗೆ ಬೇರೆ ಏನಾದ್ರೂ ದಾರಿ ಹುಡುಕೋಣ. ಕೊಕ್ಕರೆ ಗೂಡಿನ ಫೋಟೋ ಹಾಕಿ ಅರ್ಜಿ ಬರೆಯೋಣ. ಇಬ್ಬರೂ."

ಆ "ಇಬ್ಬರೂ" ಅನ್ನುವುದನ್ನು ನಾನು ಬೇಕೆಂದೇ ಸೇರಿಸಿದ್ದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. "ಆಯ್ತು," ಅಂದರು.

ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಗೇಟಿನವರೆಗಿನ ದಾರಿಯಲ್ಲಿ ಅವರ ಚೀಲವನ್ನೂ ನಾನೇ ಹೊತ್ತೆ. ಫೋನಿನಲ್ಲಿ ನನ್ನ ಹಾಳೆ ತುಂಬಿಯಾಗಿತ್ತು, ನೀರುಗೂಳಿಯ ಮುಂದೆ ಸೊನ್ನೆ. ಕಳಿಸುವ ಗುಂಡಿ ಮಾತ್ರ ಒತ್ತಿರಲಿಲ್ಲ. ಮೊದಲು ಅವರು ಹೇಳಲಿ, ಆಮೇಲೆ ನಾನು.

ಲೆಲ್ಯಾ ಗಿನಾ ಗೇಟಿನ ಪಕ್ಕದ ಮೇಜಿಗೆ ಹೂವಿನ ಬಟ್ಟೆ ಹಾಸಿದ್ದಳು. ಬಾನಿತ್ಸಾದ ತಟ್ಟೆ ಹಬೆಯಾಡುತ್ತಿತ್ತು. ಚೀಸು ಬೆಣ್ಣೆಯ ಘಮ ಇಪ್ಪತ್ತು ಹೆಜ್ಜೆಯಿಂದಲೇ ಬಂತು.

"ನೋಡಿ, ಬೇಯಿಸೇಬಿಟ್ಟೆ! ಒಣ ಬ್ರೆಡ್ಡು ಅಂದಿದ್ದು ತಮಾಷೆಗೆ. ಕೂಗ್ತು ಅಂತ ನನಗೆ ಗೊತ್ತು, ಬೆಳಿಗ್ಗೆ ಇಲ್ಲಿಗೇ ಕೇಳ್ತಿತ್ತು. ಆದ್ರೂ ನೀವು ಹೇಳಿ, ದೊಡ್ಡ ಕಿವಿಗಳ ಬಾಯಿಂದ ಬರಲಿ. ಕೂಗ್ತಾ ಮೇಷ್ಟ್ರೇ?"

ಚಿಚೊ ಕೈ ಒರೆಸಿಕೊಂಡರು. ಒಂದು ತುಂಡು ಬಾನಿತ್ಸಾ ಮುರಿದರು. ನನ್ನ ಕಡೆ ನೋಡಲಿಲ್ಲ.

"ಕೂಗದೆ ಏನು ಗಿನಾ?" ಅಂದರು, ಅದೇ ಕರವಸ್ತ್ರ ಕೊಟ್ಟ ದನಿಯಲ್ಲಿ. "ನಾನು ಬಿಡು, ಮುದುಕ. ಇಸ್ಕ್ರಾನೇ ಕೇಳಿದಾಳೆ. ಇವಳು ಕೇಳಿದ್ಮೇಲೆ ಇನ್ನೇನು?"

"ನಮ್ಮ ಬಂಗಾರ!" ಅಂತ ಲೆಲ್ಯಾ ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದುಕೊಂಡಳು. ಅವಳ ಅಂಗೈ ಬೆಣ್ಣೆಯಿಂದ ಬೆಚ್ಚಗೆ ಜಾರುತ್ತಿತ್ತು.

ಅಟ್ಟಣಿಗೆಯ ಮೇಲೆ ಗೊತ್ತಾದದ್ದು ನನಗೆ ತಿಳಿಯದ ಹಾಗೆ ಮಾಡಿದ ಮೋಸ. ಇದು ನನ್ನ ಕಣ್ಣೆದುರಿಗೆ, ನನ್ನ ಹೆಸರು ಹಿಡಿದು, ನಾನು ಸುಮ್ಮನಿರುತ್ತೇನೆ ಅನ್ನುವ ಭರವಸೆಯ ಮೇಲೆ ಮಾಡಿದ್ದು. ಯಾವುದು ಹೆಚ್ಚು ನೋಯಿಸಿತು ಅಂತ ಈಗಲೂ ಯಾರಾದರೂ ಕೇಳಿದರೆ ನಾನು ಈ ಬಾನಿತ್ಸಾದ ತುಂಡನ್ನೇ ತೋರಿಸುತ್ತೇನೆ.

"ಕೂಗಿಲ್ಲ ಲೆಲ್ಯಾ," ಅಂದೆ.

"ಹಾಂ?"

"ಹಕ್ಕಿ ಇಲ್ಲ. ಅದು ರೆಕಾರ್ಡು. ಜೊಂಡಿನೊಳಗೆ ನಿಮ್ಮ ಓದುಮನೆಯ ಸ್ಪೀಕರ್ ಇದೆ."

ಲೆಲ್ಯಾ ನನ್ನ ಕೆನ್ನೆ ಬಿಟ್ಟಳು. ಮೇಷ್ಟರನ್ನು ನೋಡಿದಳು. ಅವರು ಬಾನಿತ್ಸಾದ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ದಿನಾ ಬೆಳಿಗ್ಗೆ... ನಮ್ಮ ಸ್ಪೀಕರ್ರಾ?" ಅಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. "ನಾನು ಊರೆಲ್ಲ ಹೇಳ್ಕೊಂಡು ಬಂದ್ನಲ್ಲಾ ಲ್ಯೂಬೆನ್. ಹಾಸಿಗೆ ಹಿಡಿದಿರೋ ನಮ್ಮಕ್ಕನಿಗೆ ಫೋನಲ್ಲಿ ಕೇಳಿಸ್ದೆ. ನಾವು ಚಿಕ್ಕೋರಿದ್ದಾಗಿನ ಹಕ್ಕಿ ಬಂದಿದೆ ಕಣೇ ಅಂತ."

ನಾನು ಅಲ್ಲೇ ನಿಂತು ಗುಂಡಿ ಒತ್ತಿದೆ. ಒತ್ತುವ ಮುಂಚೆ ದನಿಯ ಚಿತ್ರವನ್ನೂ ಜೊತೆಗೆ ಸೇರಿಸಿದೆ. ಹನ್ನೊಂದು ಐವತ್ತೆರಡು. ಫೋನು ಸಣ್ಣಗೆ ಸದ್ದು ಮಾಡಿತು. ಅಷ್ಟರಲ್ಲಿ ಉತ್ತರದ ಜೊಂಡು, ಹದಿನಾರು ಗೂಡು, ಚಿಚೊ ಅವರ ಇಪ್ಪತ್ತೇಳು ವರ್ಷ, ಎಲ್ಲ ನನ್ನ ಹೆಬ್ಬೆರಳ ಕೆಳಗೆ ಹೋಯಿತು. ಡಿಸೆಂಬರಿನಲ್ಲಿ ಯಂತ್ರ ಬರುತ್ತದೆ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ.

ಬಸ್ ನಿಲ್ದಾಣ ಆರು ಕಿಲೋಮೀಟರ್. ನಡೆದು ಹೊರಟೆ. ಪಾಪ್ಲರ್ ಮರಗಳ ಸಾಲಿನ ಕೆಳಗೆ ಅರ್ಧ ದಾರಿ ಬಂದಿರಬೇಕು, ಹಿಂದಿನಿಂದ ಆ ಕಾರಿನ ಸದ್ದು ಕೇಳಿತು. ಪಕ್ಕಕ್ಕೆ ಬಂದು ನಡಿಗೆಯ ವೇಗಕ್ಕೆ ಇಳಿಯಿತು. ಗಾಜು ಇಳಿಯಿತು.

"ಹತ್ಕೊ. ಬಿಸಿಲಿದೆ."

ನಾನು ನಡೆಯುತ್ತಲೇ ಇದ್ದೆ.

"ಇಸ್ಕ್ರಾ. ಮಾತಾಡ್ಬೇಡ, ಹತ್ಕೊ ಅಷ್ಟೇ."

ಆಗಲೇ ತಲೆಯ ಮೇಲೆ ಆ ದನಿ ಬಂತು. ಒಣಕೊಂಬೆಯ ತುದಿಯಲ್ಲಿ ನೊಣಹಿಡುಕ, ಬೂದುಬಣ್ಣದ ಪುಟ್ಟ ಹಕ್ಕಿ, ಆಫ್ರಿಕಾದಿಂದ ಆಗಷ್ಟೇ ವಾಪಸ್ ಬಂದದ್ದು. ದಾರ ಹರಿದಂಥ ತೆಳು ಕೂಗು. ಈ ವರ್ಷದ ಮೊದಲನೆಯದು. ಪ್ರತಿ ಮೇ ತಿಂಗಳು ಇದನ್ನು ಚಿಚೊಗೆ ತೋರಿಸುವವಳು ನಾನೇ. ನನ್ನ ತಲೆ ತಾನಾಗಿ ಮೇಲೆದ್ದಿತು. ಕಾರು ನಿಂತಿತು.

ಅವರು ಕಿಟಕಿಯಿಂದ ಕತ್ತು ಹೊರಹಾಕಿ ಮರವನ್ನು ನೋಡಿದರು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ಏನೂ ಕೇಳುತ್ತಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು.

"ಮೇಲೆ ಏನಾದ್ರೂ ಕೂಗ್ತಿದ್ಯಾ?" ಅಂತ ಕೇಳಿದರು. ಈ ಸಲ ಆ ದನಿಯಲ್ಲಿ ಉಪಾಯ ಯಾವುದೂ ಇರಲಿಲ್ಲ.

ಮತ್ತೆ ಕೂಗಿತು, ಮತ್ತೆ, ಮತ್ತೆ.

"ಇಲ್ಲ," ಅಂದೆ.

ಅವರು ತಲೆಯಾಡಿಸಿ ಗಾಜು ಏರಿಸಿದರು.